ಪರದೆಯ ಮುಂದಿನ ಸೀಟು, ಲೌಂಜಿನ ದೋಸೆ: ದೂರದ ವಿಮಾನಯಾನದ ಸುಖಕ್ಕೆ ದುಡ್ಡು ಕೊಡುವವರು ಯಾರು?

ವಿಮಾನ ಹತ್ತಿದವರೆಲ್ಲ ಒಂದೇ ಹೊತ್ತಿಗೆ ಹೊರಡುತ್ತಾರೆ, ಒಂದೇ ಹೊತ್ತಿಗೆ ಇಳಿಯುತ್ತಾರೆ. ಆದರೂ ಮುಂದಿನ ಕೆಲವು ಸಾಲುಗಳವರು ಹಿಂದಿನವರ ಮೂರು ಪಟ್ಟೋ ನಾಲ್ಕು ಪಟ್ಟೋ ಹಣ ಕೊಟ್ಟಿರುತ್ತಾರೆ. ಇಬ್ಬರ ನಡುವೆ ಇರುವುದು ಒಂದು ಬಟ್ಟೆಯ ಪರದೆ. ಆ ಪರದೆಯ ಆಚೆ ಸಿಗುವುದೇನು, ವಿಮಾನ ಏರುವ ಮೊದಲೇ ಲೌಂಜಿನಲ್ಲಿ ಸಿಗುವ ಬಿಸಿ ದೋಸೆಯ ಖರ್ಚು ಯಾರ ತಲೆಗೆ ಬೀಳುತ್ತದೆ ಎಂಬುದು ಈ ಅಧ್ಯಾಯದ ವಿಷಯ. ಇದನ್ನು ತಿಳಿಯಲು ಲಂಡನ್, ದುಬೈಗಳ ತನಕ ಹೋಗಬೇಕಿಲ್ಲ. ಬೆಂಗಳೂರಿನ ದಂಡು ಪ್ರದೇಶದಿಂದ ಕೆ.ಆರ್. ಪುರದವರೆಗಿನ ಪೂರ್ವ ಭಾಗದಲ್ಲೇ ಪಾಠ ಪೂರ್ತಿ ಸಿಗುತ್ತದೆ.

ದಂಡು ಸ್ಟೇಷನ್ನಿನಿಂದ ದೇವನಹಳ್ಳಿಗೆ

ದುಡ್ಡಿಗೆ ತಕ್ಕ ಸೀಟು, ಸೀಟಿಗೆ ತಕ್ಕ ಕಾಯುವ ಕೋಣೆ ಎಂಬ ಏರ್ಪಾಡು ಈ ಊರಿಗೆ ರೈಲಿನೊಂದಿಗೇ ಬಂತು. 1864ರಲ್ಲಿ ಮದ್ರಾಸ್ ರೈಲ್ವೆಯ ಹಳಿ ಜೋಲಾರ್‌ಪೇಟೆಯಿಂದ ಬೆಂಗಳೂರು ದಂಡು ನಿಲ್ದಾಣ ಮುಟ್ಟಿತು. ಮೇಲ್ದರ್ಜೆಯವರಿಗೆ ಬೇರೆ ಡಬ್ಬಿ, ಬೇರೆ ವೇಟಿಂಗ್ ರೂಮು ಎಂಬುದು ಆಗಿನ ರೈಲ್ವೆಯ ವಾಡಿಕೆ. ಇದೇ ಪೂರ್ವ ಭಾಗದ ಬೈಯಪ್ಪನಹಳ್ಳಿಯಲ್ಲಿ 2022ರ ಜೂನ್‌ನಲ್ಲಿ ಶುರುವಾದ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ಲಿಗೆ ಹೋದರೆ, ವಿಮಾನ ನಿಲ್ದಾಣದ ಮಾದರಿಯಲ್ಲೇ ಕಟ್ಟಿದ ರೈಲು ನಿಲ್ದಾಣ ಕಾಣುತ್ತದೆ. ಒಂದು ಕಾಲಕ್ಕೆ ವಿಮಾನದವರು ರೈಲಿನಿಂದ ಕಲಿತರು, ಈಗ ರೈಲಿನವರು ವಿಮಾನದಿಂದ ಕಲಿಯುತ್ತಿದ್ದಾರೆ.

ವಿಮಾನ ನಿಲ್ದಾಣದಲ್ಲಿ ಆಯ್ದ ಪ್ರಯಾಣಿಕರಿಗೆ ಬೇರೆ ಕೋಣೆ ಕೊಡುವ ಪದ್ಧತಿಗೆ ನಾಂದಿ ಹಾಡಿದ್ದು ಅಮೆರಿಕನ್ ಏರ್‌ಲೈನ್ಸ್. ಅದು 1939ರಲ್ಲಿ ನ್ಯೂಯಾರ್ಕಿನ ಲಾಗಾರ್ಡಿಯಾದಲ್ಲಿ ಅಡ್ಮಿರಲ್ಸ್ ಕ್ಲಬ್ ತೆರೆಯಿತು. ಮರುವರ್ಷ, 1940ರ ಡಿಸೆಂಬರ್‌ನಲ್ಲಿ, ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಆರಂಭಿಸಿದರು. ಅದೇ ಇಂದಿನ ಎಚ್‌ಎಎಲ್. ಮುಂದೆ ದಶಕಗಳ ಕಾಲ ಊರಿನ ನಾಗರಿಕ ವಿಮಾನಗಳೂ ಆ ಕಾರ್ಖಾನೆಯ ರನ್‌ವೇಯಿಂದಲೇ ಹಾರಿದವು. ಹಲಸೂರು, ಇಂದಿರಾನಗರದವರಿಗೆ ವಿಮಾನ ನಿಲ್ದಾಣವೆಂದರೆ ಆಟೋದಲ್ಲಿ ಹೋಗಿ ಬರುವ ದೂರ.

2008ರ ಮೇ 24ರಂದು ನಾಗರಿಕ ವಿಮಾನಗಳು ದೇವನಹಳ್ಳಿಯ ಹೊಸ ನಿಲ್ದಾಣಕ್ಕೆ ಹೋದವು. ಎಚ್‌ಎಎಲ್ ಮುಂದಿನ ರಸ್ತೆಗೆ ‘ಹಳೇ ಏರ್‌ಪೋರ್ಟ್ ರಸ್ತೆ’ ಎಂಬ ಹೆಸರು ಉಳಿಯಿತು; ಎಂ.ಜಿ. ರಸ್ತೆಯಿಂದ ಹೊಸ ನಿಲ್ದಾಣಕ್ಕೆ ಸುಮಾರು 35 ಕಿಲೋಮೀಟರ್ ಆಯಿತು. ಲೌಂಜು ಊರಿನವರ ಬಾಯಲ್ಲಿ ದಿನಬಳಕೆಯ ಮಾತಾಗಲು ಈ ದೂರವೂ ಒಂದು ಕಾರಣ. ಹೆಬ್ಬಾಳದಲ್ಲಿ ಎಷ್ಟು ಹೊತ್ತು ಸಿಕ್ಕಿಕೊಳ್ಳುತ್ತೇವೋ ಎಂಬ ಹೆದರಿಕೆಗೆ ಜನ ಎರಡು ಗಂಟೆ ಮೊದಲೇ ಮನೆ ಬಿಡುತ್ತಾರೆ. ರಸ್ತೆ ಖಾಲಿ ಇದ್ದರೆ ಆ ಎರಡು ಗಂಟೆ ನಿಲ್ದಾಣದಲ್ಲಿ ಮಿಗುತ್ತದೆ. ಮಿಕ್ಕ ಹೊತ್ತನ್ನು ಮಾರಾಟಕ್ಕೆ ಇಟ್ಟಿರುವ ಜಾಗವೇ ಲೌಂಜು. ಕೆ.ಆರ್. ಪುರದಿಂದ ವಿಮಾನ ನಿಲ್ದಾಣಕ್ಕೆ ಕಟ್ಟುತ್ತಿರುವ ನೀಲಿ ಮಾರ್ಗದ ಮೆಟ್ರೊ ಓಡಾಡತೊಡಗಿದರೆ ಈ ಲೆಕ್ಕ ಮತ್ತೆ ಬದಲಾಗಬಹುದು.

ಒಂದೇ ಊರು, ಎರಡು ಕಂಪನಿ

ಪ್ರಯಾಣಿಕ ಯಾವುದಕ್ಕೆ ದುಡ್ಡು ಕೊಡುತ್ತಾನೆ? ಈ ಪ್ರಶ್ನೆಗೆ ಬೆಂಗಳೂರಿನ ಎರಡು ವಿಮಾನ ಕಂಪನಿಗಳು ಎರಡು ವರ್ಷದ ಅಂತರದಲ್ಲಿ ತದ್ವಿರುದ್ಧ ಉತ್ತರ ಕೊಟ್ಟವು. ಹಾಸನ ಜಿಲ್ಲೆಯ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಆರಂಭಿಸಿದರು. ಅದರಲ್ಲಿ ಪರದೆ ಇರಲಿಲ್ಲ, ಬಿಟ್ಟಿ ಊಟ ಇರಲಿಲ್ಲ. ಊರು ಮುಟ್ಟಿಸುವುದಷ್ಟೇ ಕೆಲಸ, ಅದಕ್ಕೇ ಟಿಕೆಟ್ ಅಗ್ಗ. ಕೆಲವು ಸೀಟುಗಳನ್ನು ಒಂದು ರೂಪಾಯಿಗೂ ಮಾರಿದರು. 2005ರ ಮೇ ತಿಂಗಳಲ್ಲಿ ಬಂದ ವಿಜಯ್ ಮಲ್ಯರ ಕಿಂಗ್‌ಫಿಶರ್, ಪ್ರಯಾಣಿಕ ಉಪಚಾರಕ್ಕೆ ದುಡ್ಡು ಕೊಡುತ್ತಾನೆ ಎಂದು ನಂಬಿತು. ಸೀಟಿಗೊಂದು ಟಿವಿ, ಬಿಸಿ ಊಟ, ಮುಂದೆ ‘ಕಿಂಗ್‌ಫಿಶರ್ ಫಸ್ಟ್’ ಎಂಬ ದರ್ಜೆ.

ಆಮೇಲೆ ನಡೆದದ್ದು ಸ್ವಾರಸ್ಯದ್ದು. ಐದು ವರ್ಷ ದೇಶದೊಳಗೆ ಹಾರಿ, ಇಪ್ಪತ್ತು ವಿಮಾನ ಇಟ್ಟುಕೊಂಡ ಕಂಪನಿ ಮಾತ್ರ ವಿದೇಶಕ್ಕೆ ಹಾರಬಹುದು ಎಂಬುದು ಆಗಿನ ಸರ್ಕಾರದ ನಿಯಮ. ಕಿಂಗ್‌ಫಿಶರ್‌ಗೆ ವಿಮಾನಗಳಿದ್ದವು, ವಯಸ್ಸು ಸಾಲದು. 2007ರಲ್ಲಿ ಅದು ಡೆಕ್ಕನ್‌ನಲ್ಲಿ ಪಾಲು ಕೊಂಡಿತು, ಮುಂದೆ ಎರಡೂ ಒಂದಾದವು. 2008ರ ಆಗಸ್ಟ್‌ಗೆ ಡೆಕ್ಕನ್‌ಗೆ ಐದು ತುಂಬಿತು. ಸೆಪ್ಟೆಂಬರ್ 3ರಂದು ಬೆಂಗಳೂರಿನಿಂದ ಲಂಡನ್‌ಗೆ ಕಿಂಗ್‌ಫಿಶರ್‌ನ ಮೊದಲ ವಿದೇಶಿ ವಿಮಾನ ಹೊರಟಿತು. ಏರ್‌ಬಸ್ ಎ330, ಮುಂದಿನ ಸಾಲುಗಳಲ್ಲಿ ಹಾಸಿಗೆಯಾಗುವ ಸೀಟುಗಳು. ಒಂದು ರೂಪಾಯಿ ಟಿಕೆಟಿನ ಕಂಪನಿಯ ವಯಸ್ಸು ತೋರಿಸಿ ಐಷಾರಾಮದ ವಿಮಾನ ಲಂಡನ್‌ಗೆ ಹಾರಿತು.

ಗಳಿಗೆ ಮಾತ್ರ ಕೆಟ್ಟದಾಗಿತ್ತು. ಆ ಜುಲೈನಲ್ಲಷ್ಟೇ ಕಚ್ಚಾ ತೈಲ ಬ್ಯಾರೆಲ್‌ಗೆ 147 ಡಾಲರ್ ಮುಟ್ಟಿತ್ತು. ಸೆಪ್ಟೆಂಬರ್ 15ರಂದು ಅಮೆರಿಕದ ಲೀಮನ್ ಬ್ರದರ್ಸ್ ದಿವಾಳಿ ಎದ್ದಿತು. ವ್ಯಾಪಾರ ಕುಗ್ಗಿದಾಗ ಕಂಪನಿಗಳು ಮೊದಲು ಕತ್ತರಿ ಹಾಕುವುದು ಪ್ರಯಾಣದ ಖರ್ಚಿಗೆ. ಮುಂದಿನ ಸಾಲುಗಳಲ್ಲಿ ಕೂರುವವರಲ್ಲಿ ಬಹಳ ಮಂದಿ ಸ್ವಂತ ದುಡ್ಡಿನಿಂದ ಕೂತಿರುವುದಿಲ್ಲ. ಅವರ ಟಿಕೆಟ್ಟನ್ನು ಕಂಪನಿ ಕೊಟ್ಟಿರುತ್ತದೆ. ಕಂಪನಿ ಕೈ ಹಿಂದೆಗೆದರೆ ಆ ಸಾಲು ಖಾಲಿ. ಬೆಂಗಳೂರು–ಲಂಡನ್ ಹಾರಾಟ ಬಹುಕಾಲ ನಡೆಯಲಿಲ್ಲ. ಸಾಲ, ಸಂಬಳದ ಬಾಕಿ ಬೆಳೆದು 2012ರ ಅಕ್ಟೋಬರ್‌ನಲ್ಲಿ ಕಿಂಗ್‌ಫಿಶರ್‌ನ ಪರವಾನಗಿಯೇ ಅಮಾನತಾಯಿತು. ಪ್ರಯಾಣಿಕರು ಕೂಡಿಟ್ಟ ‘ಕಿಂಗ್ ಕ್ಲಬ್’ ಪಾಯಿಂಟುಗಳೂ ನೀರುಪಾಲಾದವು.

ಹಾಗೆಂದು ಡೆಕ್ಕನ್‌ನ ಉತ್ತರವೇ ಪೂರ್ತಿ ಸರಿ ಎನ್ನುವಂತೆಯೂ ಇಲ್ಲ. ಅಗ್ಗದ ಟಿಕೆಟಿನಿಂದಲೇ ಬೆಳೆದ ಇಂಡಿಗೊ 2024ರ ನವೆಂಬರ್‌ನಲ್ಲಿ ದೆಹಲಿ–ಮುಂಬೈ ಮಾರ್ಗದಲ್ಲಿ ‘ಸ್ಟ್ರೆಚ್’ ಹೆಸರಿನ ಬಿಸಿನೆಸ್ ಕ್ಲಾಸ್ ತೆರೆಯಿತು. ಎಲ್ಲರನ್ನೂ ಕೂರಿಸಿಕೊಂಡು, ಕೊಡಬಲ್ಲವರಿಂದ ಹೆಚ್ಚು ತೆಗೆದುಕೊಳ್ಳುವುದೇ ಈಗ ಎರಡೂ ಬಗೆಯ ಕಂಪನಿಗಳ ದಾರಿ.

ಅಂಗುಲದ ಲೆಕ್ಕ

2021ರ ಜನವರಿಯಲ್ಲಿ ಏರ್ ಇಂಡಿಯಾ ಸ್ಯಾನ್ ಫ್ರಾನ್ಸಿಸ್ಕೊ–ಬೆಂಗಳೂರು ನೇರ ಹಾರಾಟ ಆರಂಭಿಸಿತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದಲ್ಲಿ ಮಹಿಳಾ ಪೈಲಟ್‌ಗಳೇ ಉತ್ತರ ಧ್ರುವದ ಮೇಲಿಂದ ಆ ಮೊದಲ ವಿಮಾನವನ್ನು ತಂದರು. ಎರಡು ಊರುಗಳ ನೇರ ಅಂತರವೇ ಸುಮಾರು 14,000 ಕಿಲೋಮೀಟರ್. ಆ ಬೋಯಿಂಗ್ 777ರಲ್ಲಿ 238 ಸೀಟು: ಫಸ್ಟ್ ಕ್ಲಾಸ್ 8, ಬಿಸಿನೆಸ್ 35, ಎಕಾನಮಿ 195.

ಇಲ್ಲಿ ಒಂದು ಊಹೆಯ ಲೆಕ್ಕ ಮಾಡೋಣ. ಹಿಂದಿನ ಸೀಟಿಗೆ ಒಂದು ಪಾಲು ದುಡ್ಡು, ಮುಂದಿನದಕ್ಕೆ ನಾಲ್ಕು ಪಾಲು ಎಂದುಕೊಳ್ಳಿ. ಹಿಂದಿನ 195 ಸೀಟಿನಿಂದ 195 ಪಾಲು ಬರುತ್ತದೆ, ಮುಂದಿನ 43ರಿಂದ 172. ಐದನೇ ಒಂದಕ್ಕಿಂತ ಕಡಿಮೆ ಜನ, ಹೆಚ್ಚುಕಡಿಮೆ ಅರ್ಧದಷ್ಟು ಆದಾಯ. ದೂರದ ಹಾರಾಟಗಳು ಮುಂದಿನ ಸಾಲು ತುಂಬಿದರೆ ಬದುಕುತ್ತವೆ, ಖಾಲಿ ಹೋದರೆ ಸೊರಗುತ್ತವೆ ಎಂಬುದು ಇದರಿಂದ ತಿಳಿಯುತ್ತದೆ.

ಹಾಗಾದರೆ ಮುಂದಿನವರು ಮೋಸ ಹೋಗುತ್ತಿದ್ದಾರೆಯೇ? ಅದೂ ಅಲ್ಲ. ಎಕಾನಮಿಯಲ್ಲಿ ಒಂದು ಸಾಲಿನಿಂದ ಇನ್ನೊಂದು ಸಾಲಿಗೆ 31–32 ಅಂಗುಲ. 777ರ ಅಗಲದಲ್ಲಿ ಒಂಬತ್ತು-ಹತ್ತು ಸೀಟು. ಹೊಸ ಬಗೆಯ ಬಿಸಿನೆಸ್ ಕ್ಲಾಸಿನಲ್ಲಿ ಅದೇ ಅಗಲಕ್ಕೆ ನಾಲ್ಕೇ ಸೀಟು, ಚಾಚಿದರೆ ಆರಡಿ ಮೀರಿದ ಹಾಸಿಗೆ. ಒಬ್ಬ ಮಲಗುವ ಜಾಗದಲ್ಲಿ ಮೂವರನ್ನಾದರೂ ಕೂರಿಸಬಹುದು. ಊಟ, ದಿಂಬು, ಬೆಳ್ಳನೆಯ ಮೇಜುಬಟ್ಟೆ ಎಲ್ಲ ಸೇರಿದರೂ ಟಿಕೆಟಿನ ಸಣ್ಣ ಭಾಗ. ಉಳಿದದ್ದು ನೆಲದ ಬಾಡಿಗೆ. ಬಿಸಿನೆಸ್ ಕ್ಲಾಸಿನ ಸೀಟು ಪೂರ್ತಿ ಚಪ್ಪಟೆ ಹಾಸಿಗೆಯಾದದ್ದು ಈಚೆಗೆ: ಬ್ರಿಟಿಷ್ ಏರ್‌ವೇಸ್ 2000ದಲ್ಲಿ ಅದನ್ನು ತಂದ ಮೇಲೆ ಉಳಿದವರೂ ತರಬೇಕಾಯಿತು.

ಆಕಾಶದಲ್ಲಿ ಮೈ, ಆಕಾಶದಲ್ಲಿ ನಾಲಿಗೆ

ಪರದೆ ತಡೆಯಲಾಗದ ಸಂಗತಿಗಳೂ ಇವೆ. ಕ್ಯಾಬಿನ್ನಿನ ಗಾಳಿ ಎಲ್ಲರಿಗೂ ಒಂದೇ. ಹಳೆಯ ಮಾದರಿಯ ವಿಮಾನಗಳಲ್ಲಿ ಒಳಗಿನ ಒತ್ತಡ ಸುಮಾರು 8,000 ಅಡಿ ಎತ್ತರದ ಬೆಟ್ಟದ ಮೇಲಿನಷ್ಟು ಇರುತ್ತದೆ. ಬೋಯಿಂಗ್ 787, ಏರ್‌ಬಸ್ ಎ350ಗಳಲ್ಲಿ ಸುಮಾರು 6,000 ಅಡಿಯಷ್ಟು. ತೇವಾಂಶವೂ ಬಹಳ ಕಡಿಮೆ. ಆಯಾಸದ ದೃಷ್ಟಿಯಿಂದ ಟಿಕೆಟಿನ ದರ್ಜೆಯ ಜೊತೆಗೆ ವಿಮಾನದ ಮಾದರಿಯನ್ನೂ ನೋಡುವುದು ಜಾಣತನ.

ಊಟದ ಕಥೆ ಇನ್ನೂ ಬೇರೆ. ಲುಫ್ತಾನ್ಸಾಗಾಗಿ ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆ 2010ರಲ್ಲಿ ನಡೆಸಿದ ಪ್ರಯೋಗದಲ್ಲಿ, ಕಡಿಮೆ ಒತ್ತಡದಲ್ಲಿ ಉಪ್ಪು ಮತ್ತು ಸಿಹಿ ನಾಲಿಗೆಗೆ ಮಂಕಾಗುತ್ತವೆ, ಹುಳಿ ಮತ್ತು ಮಸಾಲೆ ಅಷ್ಟಾಗಿ ಬದಲಾಗುವುದಿಲ್ಲ ಎಂದು ಕಂಡುಬಂತು. ನೆಲದ ಮೇಲೆ ರುಚಿಯಾದ ಪಾಯಸ ಮೇಲೆ ಸಪ್ಪೆ. ಹುಣಸೆ, ಮೆಣಸು ಬಿದ್ದ ಬಿಸಿಬೇಳೆಬಾತ್ ಮೇಲೂ ಖಡಕ್. ಆಯ್ಕೆ ಇದ್ದರೆ ಮಸಾಲೆಯ ಊಟ ಕೇಳಿ.

ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ತೊಂದರೆಗೆ ‘ಎಕಾನಮಿ ಕ್ಲಾಸ್ ರೋಗ’ ಎಂಬ ಅಡ್ಡಹೆಸರಿದೆ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೇಳಿದ್ದು ಬೇರೆ: ನಾಲ್ಕು ಗಂಟೆಗೂ ಹೆಚ್ಚು ಅಲುಗದೆ ಕೂತರೆ ಈ ಅಪಾಯ ಸುಮಾರು ಇಮ್ಮಡಿಯಾಗುತ್ತದೆ. ಅದು ಬಸ್ಸಿಗೂ ರೈಲಿಗೂ ಅನ್ವಯ. ಒಟ್ಟು ಅಪಾಯ ಸುಮಾರು ಆರು ಸಾವಿರಕ್ಕೆ ಒಂದು. ಆಗಾಗ ಎದ್ದು ನಾಲ್ಕು ಹೆಜ್ಜೆ ಹಾಕುವುದು, ಮೀನಖಂಡ ಅಲುಗಾಡಿಸುವುದು ಎರಡೂ ದರ್ಜೆಯವರಿಗೂ ಬೇಕು, ಅದಕ್ಕೆ ದುಡ್ಡೂ ಬೇಡ.

ಲೌಂಜಿನ ದೋಸೆಗೆ ಬಿಲ್ಲು

ಬೆಂಗಳೂರಿನ ಎರಡನೇ ಟರ್ಮಿನಲ್ 2022ರ ನವೆಂಬರ್ 11ರಂದು ಉದ್ಘಾಟನೆಯಾಯಿತು. ವಿದೇಶಿ ವಿಮಾನಗಳು 2023ರ ಸೆಪ್ಟೆಂಬರ್ 12ರಿಂದ ಅಲ್ಲಿಂದ ಹೊರಡುತ್ತಿವೆ. ಊರಿನ ಎಸ್‌ಟಿಡಿ ಕೋಡನ್ನೇ ಹೆಸರಾಗಿ ಹೊತ್ತ ‘080’ ಲೌಂಜು ಅಲ್ಲಿದೆ. ಒಳಗೆ ಹೋಗಲು ಮುಖ್ಯವಾಗಿ ಮೂರು ದಾರಿ: ಬಿಸಿನೆಸ್ ಕ್ಲಾಸ್ ಟಿಕೆಟ್, ಪದೇಪದೇ ಹಾರುವವರಿಗೆ ವಿಮಾನ ಕಂಪನಿ ಕೊಡುವ ಮೇಲಂತಸ್ತಿನ ಸದಸ್ಯತ್ವ, ಇಲ್ಲವೇ ಬ್ಯಾಂಕ್ ಕಾರ್ಡು. ನಮ್ಮಲ್ಲಿ ಸಾಲು ಉದ್ದವಾಗಿರುವುದು ಮೂರನೆಯ ದಾರಿಯಲ್ಲಿ.

ಕಾರ್ಡಿನವರಿಗೆ ದೋಸೆ ‘ಫ್ರೀ’ ಎಂಬ ಭಾವನೆ ಇದೆ. ಬಿಲ್ಲು ಎಲ್ಲಿ ಹುಟ್ಟುತ್ತದೆ ನೋಡಲು ಶಿವಾಜಿನಗರದ ಕಮರ್ಷಿಯಲ್ ಸ್ಟ್ರೀಟಿಗೆ ಬನ್ನಿ. ಹತ್ತು ಸಾವಿರದ ಸೀರೆಗೆ ಕ್ರೆಡಿಟ್ ಕಾರ್ಡ್ ಉಜ್ಜಿದರೆ ಅಂಗಡಿಯವರ ಕೈಗೆ ಪೂರ್ತಿ ಹತ್ತು ಸಾವಿರ ಸೇರುವುದಿಲ್ಲ. ನೂರಕ್ಕೆ ಎರಡು ರೂಪಾಯಿಯ ಆಸುಪಾಸು ಶುಲ್ಕವಾಗಿ ಮುರಿದುಕೊಳ್ಳುತ್ತಾರೆ. ಅದರಲ್ಲಿ ದೊಡ್ಡ ಪಾಲು ಕಾರ್ಡ್ ಕೊಟ್ಟ ಬ್ಯಾಂಕಿಗೆ, ಉಳಿದದ್ದು ಯಂತ್ರ ಇಟ್ಟ ಬ್ಯಾಂಕಿಗೆ ಮತ್ತು ವೀಸಾ, ರುಪೇಯಂಥ ಜಾಲಕ್ಕೆ. ‘ಕಾರ್ಡ್ ಆದ್ರೆ ಎರಡು ಪರ್ಸೆಂಟ್ ಜಾಸ್ತಿ’ ಎಂದು ಕೆಲವು ಅಂಗಡಿಗಳಲ್ಲಿ ಹೇಳುವುದು ಇದಕ್ಕೇ. ಬ್ಯಾಂಕಿಗೆ ಇನ್ನೂ ದೊಡ್ಡ ಆದಾಯ ಬಿಲ್ಲು ಪೂರ್ತಿ ಕಟ್ಟದವರಿಂದ: ಬಾಕಿಗೆ ತಿಂಗಳಿಗೆ ಶೇ. 3ರ ಮೇಲೂ ಬಡ್ಡಿ ಬೀಳುತ್ತದೆ. ಈ ಹಣದಲ್ಲೊಂದು ಭಾಗವನ್ನು ಬ್ಯಾಂಕು, ಭೇಟಿಗೆ ಇಷ್ಟು ಎಂಬ ಲೆಕ್ಕದಲ್ಲಿ ಲೌಂಜಿಗೆ ಕಟ್ಟುತ್ತದೆ. ಬಾಗಿಲಲ್ಲಿ ಉಜ್ಜುವ ಎರಡು ರೂಪಾಯಿ, ಕಾರ್ಡು ಚಾಲ್ತಿಯಲ್ಲಿದೆಯೇ ಎಂದು ನೋಡುವುದಕ್ಕಷ್ಟೇ.

ಅಂದರೆ ಲೌಂಜಿನ ದೋಸೆಗೆ ಒಂದಿಷ್ಟು ಕೊಟ್ಟವರು ಸೀರೆ ಅಂಗಡಿಯವರು, ಒಂದಿಷ್ಟು ಕೊಟ್ಟವರು ಸಾಲದಲ್ಲಿ ಸಿಕ್ಕವರು. ಬರುವವರ ಸಂಖ್ಯೆ ಹೆಚ್ಚಿ ಬ್ಯಾಂಕುಗಳಿಗೆ ಹೊರೆಯಾದಾಗ ನಿಯಮ ಬಿಗಿಯಾಯಿತು. ಹಿಂದಿನ ಮೂರು ತಿಂಗಳಲ್ಲಿ ಇಷ್ಟು ಖರ್ಚು ಮಾಡಿದ್ದರೆ ಮಾತ್ರ ಪ್ರವೇಶ ಎಂಬ ಷರತ್ತು 2024ರಿಂದ ಹಲವು ಕಾರ್ಡುಗಳಿಗೆ ಬಂದಿದೆ. ಒಂದು ದೋಸೆಗಾಗಿ ಬೇಡದ ವಸ್ತುಗಳನ್ನು ಕೊಂಡು ಆ ಮೊತ್ತ ತುಂಬಿಸುವವರೂ ಇದ್ದಾರೆ. ಅವರ ಮಟ್ಟಿಗೆ ಅದು ಊರಲ್ಲೇ ದುಬಾರಿ ದೋಸೆ.

ಕೊಳ್ಳುವ ಮುನ್ನ

ಮೊದಲು ಹೊರಡುವ ಹೊತ್ತು ನೋಡಿ. ಬೆಂಗಳೂರಿನಿಂದ ಯುರೋಪಿಗೆ ಹೋಗುವ ಹಲವು ವಿಮಾನಗಳು ನಡುರಾತ್ರಿ ದಾಟಿದ ಮೇಲೆ ಏರುತ್ತವೆ. ಹತ್ತು ಗಂಟೆಯ ರಾತ್ರಿ ಪಯಣದಲ್ಲಿ ಹಾಸಿಗೆಗೆ ಬೆಲೆ ಇದೆ. ನಾಲ್ಕು ಗಂಟೆಯ ಹಗಲಿನ ಕೊಲ್ಲಿ ಪಯಣದಲ್ಲಿ ಅಷ್ಟಿಲ್ಲ. ದುಡ್ಡು ಒಂದೇ ಕಡೆಗೆ ಸಾಲುವಂತಿದ್ದರೆ ರಾತ್ರಿಯ ಉದ್ದ ಹಾರಾಟಕ್ಕೆ ಇಡಿ. ತೆರಿಗೆಯನ್ನೂ ಗಮನಿಸಿ: 2025ರ ಸೆಪ್ಟೆಂಬರ್ 22ರಿಂದ ಬಿಸಿನೆಸ್ ಕ್ಲಾಸಿಗೆ ಜಿಎಸ್‌ಟಿ ಶೇ. 12ರಿಂದ 18ಕ್ಕೆ ಏರಿದೆ, ಎಕಾನಮಿಗೆ ಶೇ. 5 ಇದೆ. ವಯಸ್ಸಾದ ತಂದೆತಾಯಿಯರನ್ನು ಮಕ್ಕಳ ಬಳಿಗೆ ಕಳಿಸುವಾಗ ಪ್ರೀಮಿಯಂ ಎಕಾನಮಿ ವಿಚಾರಿಸಿ. ಹಾಸಿಗೆ ಇರುವುದಿಲ್ಲ, ಕಾಲು ಚಾಚಲು ಜಾಗ ಸಿಗುತ್ತದೆ.

ದೇಶದೊಳಗಿನ ಲೌಂಜಿಗೆ ನಡೆಯುವ ಕಾರ್ಡು ವಿದೇಶಿ ವಿಮಾನದ ಭಾಗದಲ್ಲಿ ನಡೆಯದೆ ಇರಬಹುದು. ಮನೆ ಬಿಡುವ ಮೊದಲೇ ಬ್ಯಾಂಕಿನ ಆ್ಯಪ್‌ನಲ್ಲಿ ನೋಡಿಕೊಳ್ಳಿ. ಪಾಯಿಂಟುಗಳನ್ನು ವರ್ಷಗಟ್ಟಲೆ ಕೂಡಿಡಬೇಡಿ. ಕಿಂಗ್‌ಫಿಶರ್‌ನಂತೆ ಜೆಟ್ ಏರ್‌ವೇಸ್ ಕೂಡ 2019ರ ಏಪ್ರಿಲ್‌ನಲ್ಲಿ ಹಾರಾಟ ನಿಲ್ಲಿಸಿತು. ಪಾಯಿಂಟು ಕಂಪನಿಯ ಮಾತೇ ಹೊರತು ನಿಮ್ಮ ಠೇವಣಿಯಲ್ಲ. ಕಾರ್ಡಿನ ಬಿಲ್ಲನ್ನು ಪ್ರತಿ ತಿಂಗಳೂ ಪೂರ್ತಿ ಕಟ್ಟುವವರಾದರೆ ಲೌಂಜಿಗೆ ಧಾರಾಳವಾಗಿ ಹೋಗಿ, ದೋಸೆ ತಿನ್ನಿ. ಕಟ್ಟಲಾಗದವರು ಮನೆಯಿಂದಲೇ ಬುತ್ತಿ ಕಟ್ಟಿಕೊಂಡು ಹೋಗುವುದು ಲೇಸು.