ಸಾಲ ತೀರಿತು, ಡಿಕ್ರಿ ತೀರಿತೇ?

ಮಾಣಿಯ ಕೃಷಿಕರೊಬ್ಬರ ಮೇಲೆ ಎರಡು ಲಕ್ಷ ರೂಪಾಯಿಯ ಡಿಕ್ರಿಯಾಗಿ, ತೋಟ ಜಪ್ತಿಯಾಗಿದೆ ಎಂದಿಟ್ಟುಕೊಳ್ಳೋಣ. ಅಡಿಕೆ ಮಾರಿದ ಹಣವನ್ನು ಅವರು ಬಿ.ಸಿ.ರೋಡಿನ ಕೋರ್ಟಿಗೆ ಒಯ್ಯದೆ, ನೇರವಾಗಿ ಸಾಲ ಕೊಟ್ಟವರ ಮನೆಗೇ ತಲುಪಿಸುತ್ತಾರೆ. "ದುಡ್ಡು ಕೊಟ್ಟಾಯ್ತಲ್ಲ ಮಾರಾಯ್ರೇ, ಇನ್ನೆಂತ ಕೋರ್ಟು?" ನಾಲ್ಕು ವರ್ಷ ಕಳೆದು, ಮಗಳ ಇಂಜಿನಿಯರಿಂಗ್ ಓದಿಗೆಂದು ತೋಟ ಅಡವಿಡಲು ಬ್ಯಾಂಕಿಗೆ ಹೋದರೆ ಪಹಣಿಯಲ್ಲಿ ಹಳೆಯ ಜಪ್ತಿ ಹಾಗೆಯೇ ಕುಳಿತಿದೆ!

1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶದ 2ನೇ ನಿಯಮ ಇಲ್ಲಿ ಬಲು ಕಟ್ಟುನಿಟ್ಟು. ಕೋರ್ಟಿನ ಹೊರಗೆ ಸಂದಾಯವಾದ ಹಣ ಕೋರ್ಟಿನ ದಾಖಲೆಗೆ ಬರದಿದ್ದರೆ, ಡಿಕ್ರಿ ಜಾರಿ ಮಾಡುವ ನ್ಯಾಯಾಲಯ ಅದನ್ನು ಗಣನೆಗೇ ತೆಗೆದುಕೊಳ್ಳುವಂತಿಲ್ಲ. ಹಣದ ಡಿಕ್ರಿಯ ಜಾರಿಗೆ 12 ವರ್ಷಗಳ ಅವಕಾಶವಿದೆ. ಅಷ್ಟರೊಳಗೆ ಡಿಕ್ರಿದಾರನ ಮನಸ್ಸು ಕೆಟ್ಟರೆ, ಅಥವಾ ಆತ ತೀರಿಕೊಂಡು ವಾರಸುದಾರರು ಬಂದರೆ, ಕೊಟ್ಟ ಹಣವನ್ನೇ ಮತ್ತೆ ಕೇಳಬಹುದು.

ಹಣ ಬಂದಿದೆಯೆಂದು ಕೋರ್ಟಿಗೆ ತಿಳಿಸುವ ಹೊಣೆ ಡಿಕ್ರಿದಾರನದು. ಆತ ಸುಮ್ಮನಿದ್ದರೆ ಸಾಲಗಾರ, ಇಲ್ಲವೇ ಅವನಿಗೆ ಜಾಮೀನು ನಿಂತವರು ಅರ್ಜಿ ಹಾಕಬಹುದು. ಆದರೆ 1963ರ ಕಾಲಮಿತಿ ಕಾಯಿದೆ ಇದಕ್ಕೆ ಕೊಟ್ಟಿರುವುದು, ಹಣ ಕೊಟ್ಟ ದಿನದಿಂದ ಬರೇ 30 ದಿನ. ತಡವಾಯಿತು, ಮನ್ನಿಸಿ ಎನ್ನಲೂ ದಾರಿಯಿಲ್ಲ. ಆ ಕಾಯಿದೆಯ 5ನೇ ಕಲಮಿನ ರಿಯಾಯಿತಿ 21ನೇ ಆದೇಶದ ಅರ್ಜಿಗಳಿಗೆ ಅನ್ವಯಿಸುವುದಿಲ್ಲ. ಆಮೇಲೆ ಉಳಿಯುವುದು ಡಿಕ್ರಿದಾರನ ಒಳ್ಳೆಯತನ. ಆತ ಒಪ್ಪಿದರೆ ಅವಧಿ ಮೀರಿದ ಮೇಲೂ ಕೋರ್ಟಿಗೆ ತಿಳಿಸಬಹುದು.

ಬಾಯಿಮಾತು ನಡೆಯದು. 1976ರ ತಿದ್ದುಪಡಿಯ ಬಳಿಕ ಲಿಖಿತ ಪುರಾವೆ ಬೇಕು, ಇಲ್ಲವೇ ಡಿಕ್ರಿದಾರನೇ ಒಪ್ಪಬೇಕು. ಹಣವನ್ನು ಕೋರ್ಟಿನಲ್ಲೇ ಕಟ್ಟಿ, ಡಿಕ್ರಿದಾರನಿಗೆ ನೋಟಿಸು ಕೊಡಿಸುವುದು ಎಲ್ಲಕ್ಕಿಂತ ಕ್ಷೇಮ. ನೋಟಿಸು ತಲುಪಿದ ದಿನದಿಂದ ಆ ಮೊತ್ತದ ಮೇಲಿನ ಬಡ್ಡಿಯೂ ನಿಲ್ಲುತ್ತದೆ. ಬ್ಯಾಂಕಿನ ಮೂಲಕ ಕಳಿಸುವುದಾದರೆ ದಾವೆಯ ನಂಬರು, ವಾದಿ-ಪ್ರತಿವಾದಿಗಳ ಹೆಸರು, ಕಳಿಸಿದ್ದು ಅಸಲಿಗೋ ಬಡ್ಡಿಗೋ ಖರ್ಚಿಗೋ ಎಂಬುದನ್ನು ಸ್ಪಷ್ಟವಾಗಿ ಬರೆದಿರಬೇಕು. ಈಗ ಅಪ್ಪನ ಹಣವನ್ನು ಮೊಬೈಲಿನಲ್ಲಿ ಕಳಿಸಿಕೊಡುವವರು ಹೆಚ್ಚಾಗಿ ಮಕ್ಕಳೇ ತಾನೆ, ಅವರೂ ಇದನ್ನು ತಿಳಿದಿರಲಿ.

ಪೂರ್ತಿ ಸಂದಾಯ ದಾಖಲಾದರೆ ಜಪ್ತಿ ತೆರವಾದಂತೆಯೇ. ಆದರೆ ಪಹಣಿಯ ನಮೂದು ತಾನಾಗಿ ಅಳಿಯುತ್ತದೆಂದು ಕಾಯಬೇಡಿ. ಕೋರ್ಟಿನ ಆದೇಶದ ದೃಢೀಕೃತ ನಕಲು ಪಡೆದು ತಾಲೂಕು ಕಚೇರಿಗೆ ಅರ್ಜಿ ಕೊಡಿ, ಒಂದು ಪ್ರತಿಯನ್ನು ಜಾಗದ ದಾಖಲೆಗಳ ಜೊತೆ ಇಟ್ಟುಕೊಳ್ಳಿ.