ಮೊಟ್ಟೆಯೊಳಗಿನ ಬಿಳಿ ದಾರ ಹುಳುವೇ? ಕೆಂಪು ಚುಕ್ಕೆ ಮರಿಯೇ? ಇಲ್ಲಿದೆ ನಿಜ

ಆಮ್ಲೆಟ್‌ಗೆಂದು ಮೊಟ್ಟೆ ಒಡೆದಾಗ ಹಳದಿಯ ಪಕ್ಕದಲ್ಲಿ ತಿರುಚಿದ ಬಿಳಿ ದಾರದಂಥದ್ದು ಕಾಣುತ್ತದೆ. ಅದನ್ನು ಹುಳು, ಮರಿಯ ಕರುಳು, ಪ್ಲಾಸ್ಟಿಕ್ ಮೊಟ್ಟೆಯ ಗುರುತು ಎಂದೆಲ್ಲ ಬರೆದು ಫೋಟೊ ಸಮೇತ ಫಾರ್ವರ್ಡ್ ಮಾಡುವವರಿದ್ದಾರೆ. ಇದನ್ನು ನಂಬಿದರೆ ಮಕ್ಕಳ ತಟ್ಟೆಯಿಂದ ಒಳ್ಳೆಯ ಪ್ರೋಟೀನ್ ಸುಮ್ಮನೆ ಮಾಯವಾಗುತ್ತದೆ. ಹಾಗಾದರೆ ನಿಜವೇನು? ಹಸಿ ಮೊಟ್ಟೆಯನ್ನು ಹೊರಗಿನಿಂದ ಒಳಕ್ಕೆ ನೋಡುತ್ತಾ ಹೋಗೋಣ.

ಚಿಪ್ಪು: ಇದರ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣದ ಕಲ್ಲಿನಲ್ಲಿರುವ ವಸ್ತುವೇ. ಇದರಲ್ಲಿ ಕಣ್ಣಿಗೆ ಸುಲಭವಾಗಿ ಕಾಣದ ಸಾವಿರಾರು ರಂಧ್ರಗಳಿವೆ. ಮರಿ ಬೆಳೆಯುವಾಗ ಗಾಳಿ ಓಡಾಡುವುದು ಇವುಗಳ ಮೂಲಕವೇ. ಹೊರಗಿನಿಂದ ರೋಗಾಣು ನುಗ್ಗದಂತೆ ಚಿಪ್ಪಿನ ಮೇಲೊಂದು ತೆಳುವಾದ ಲೇಪವೂ ಇರುತ್ತದೆ. ಕಂದು ಬಣ್ಣವೋ ಬಿಳಿಯೋ ಎಂಬುದು ಕೋಳಿಯ ತಳಿಯನ್ನು ಅವಲಂಬಿಸಿದೆ, ಪೌಷ್ಟಿಕಾಂಶವನ್ನಲ್ಲ.

ಪೊರೆ ಮತ್ತು ಗಾಳಿಯ ಜಾಗ: ಚಿಪ್ಪಿನ ಒಳಗೆ ಎರಡು ಪೊರೆಗಳಿವೆ. ಬಿಸಿಯಾಗಿ ಹೊರಬಂದ ಮೊಟ್ಟೆ ತಣ್ಣಗಾದಾಗ ಒಳಗಿನ ಭಾಗ ಕುಗ್ಗಿ, ದಪ್ಪ ತುದಿಯಲ್ಲಿ ಪೊರೆಗಳ ನಡುವೆ ಗಾಳಿ ಸೇರುತ್ತದೆ. ದಿನ ಕಳೆದಂತೆ ನೀರಿನಂಶ ಆರಿ ಈ ಜಾಗ ದೊಡ್ಡದಾಗುತ್ತದೆ. ಹಳೆಯ ಮೊಟ್ಟೆ ನೀರಿನಲ್ಲಿ ತೇಲುವುದು ಇದೇ ಕಾರಣಕ್ಕೆ.

ಬಿಳಿ ಭಾಗ: ಬಹುಪಾಲು ನೀರು, ಉಳಿದದ್ದರಲ್ಲಿ ಹೆಚ್ಚಿನದು ಪ್ರೋಟೀನ್. ಹಳದಿಗೆ ಪೆಟ್ಟಾಗದಂತೆ ಕಾಯುವುದು ಇದರ ಕೆಲಸ. ಬ್ಯಾಕ್ಟೀರಿಯಾ ವಿರುದ್ಧ ಹೋರಾಡುವ ಲೈಸೊಜೈಮ್ ಕೂಡ ಇದರಲ್ಲಿದೆ.

ಬಿಳಿ ದಾರ: ಇದರ ಹೆಸರು ಕಲೇಝಾ. ತೊಟ್ಟಿಲನ್ನು ಎರಡೂ ಕಡೆ ಹಗ್ಗ ಹಿಡಿದಿರುವಂತೆ, ಹಳದಿಯನ್ನು ಮೊಟ್ಟೆಯ ಮಧ್ಯದಲ್ಲಿ ಹಿಡಿದಿಡುತ್ತದೆ. ಇದೂ ಪ್ರೋಟೀನೇ, ಧಾರಾಳವಾಗಿ ತಿನ್ನಬಹುದು. ಮೊಟ್ಟೆ ತಾಜಾ ಇದ್ದಷ್ಟೂ ಇದು ಎದ್ದು ಕಾಣುತ್ತದೆ. ಅಂದರೆ ಯಾವುದನ್ನು ನೋಡಿ ಹೆದರುತ್ತೇವೋ ಅದೇ ಒಳ್ಳೆಯ ಮೊಟ್ಟೆಯ ಲಕ್ಷಣ!

ಹಳದಿ ಭಾಗ: ಬೆಳೆಯುವ ಮರಿಗೆ ಬೇಕಾದ ಕೊಬ್ಬು, ಕಬ್ಬಿಣ, ಎ ಮತ್ತು ಡಿ ವಿಟಮಿನ್‌ಗಳ ಬುತ್ತಿ ಇದು. ಇದರ ಬಣ್ಣ ಕೋಳಿ ತಿಂದ ಆಹಾರದ ಮೇಲೆ ನಿಂತಿದೆ. ಹಳದಿಯ ಮೇಲಿನ ಪುಟ್ಟ ಬಿಳಿ ಚುಕ್ಕೆಯಲ್ಲೇ ಮರಿಯ ಬೆಳವಣಿಗೆ ಶುರುವಾಗಬೇಕು. ಆದರೆ ಹುಂಜದ ಜೊತೆ ಕೂಡದ ಕೋಳಿಯ ಮೊಟ್ಟೆಯಲ್ಲಿ ಮರಿ ಆಗುವುದೇ ಇಲ್ಲ. ಮೊಟ್ಟೆಗಾಗಿಯೇ ಕೋಳಿ ಸಾಕುವ ಫಾರಂಗಳಲ್ಲಿ ಸಾಮಾನ್ಯವಾಗಿ ಹುಂಜ ಇರುವುದಿಲ್ಲ.

ಹಾಗಾದರೆ ಕೆಂಪು ಚುಕ್ಕೆ? ಮೊಟ್ಟೆ ರೂಪುಗೊಳ್ಳುವಾಗ ಕೋಳಿಯ ದೇಹದಲ್ಲಿ ಸಣ್ಣ ರಕ್ತನಾಳ ಒಡೆದು ಬಿದ್ದ ಹನಿ ಅದು. ಬೇಕಾದರೆ ಚಮಚದಲ್ಲಿ ತೆಗೆದುಹಾಕಿ, ಚೆನ್ನಾಗಿ ಬೇಯಿಸಿ ತಿನ್ನಿ.

ನಿಜವಾಗಿ ಎಚ್ಚರ ಬೇಕಾದದ್ದು ಎಲ್ಲಿ?
• ಒಡೆದ ಕೂಡಲೇ ಕೆಟ್ಟ ವಾಸನೆ ಬಂದರೆ, ಬಿಳಿ ಭಾಗ ಹಸಿರು ಅಥವಾ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಎಸೆಯಿರಿ.
• ಬಿರುಕು ಬಿಟ್ಟ ಮೊಟ್ಟೆ ಕೊಳ್ಳಬೇಡಿ.
• ಹಸಿ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಮಕ್ಕಳು, ಗರ್ಭಿಣಿಯರು, ವಯಸ್ಸಾದವರಿಗೆ ಕೊಡುವಾಗ ಬಿಳಿ, ಹಳದಿ ಎರಡೂ ಗಟ್ಟಿಯಾಗುವವರೆಗೆ ಬೇಯಿಸಿ.

ಬಿಳಿ ದಾರದ ಫೋಟೊ ನಿಮ್ಮ ಗ್ರೂಪಿಗೆ ಬಂದರೆ ಮುಂದಕ್ಕೆ ಕಳಿಸಬೇಡಿ. ಅದು ಹುಳುವಲ್ಲ, ಕಲೇಝಾ ಎಂದು ಅಲ್ಲೇ ಉತ್ತರಿಸಿ.