ಕಾವಿ ವಸ್ತ್ರವೂ ಊಟದ ಪಂಕ್ತಿಯೂ



ಹೊಸ್ತಿಲ ಹುಣ್ಣಿಮೆ ಕಳೆದು ಎರಡು ದಿನಗಳಾಗಿದ್ದವು. ಸವದತ್ತಿಯ ಯಲ್ಲಮ್ಮನ ಗುಡ್ಡದಿಂದ ಮರಳುವ ಚಕ್ಕಡಿಗಳೂ ಟ್ರ್ಯಾಕ್ಟರುಗಳೂ ಭಂಡಾರದ ಹಳದಿ ಮೆತ್ತಿಕೊಂಡು ಸಾಲುಗಟ್ಟಿ ಸಾಗಿದ್ದವು. ಅಂಥದೊಂದು ಮಧ್ಯಾಹ್ನ ನಾವು ಮನೋಳಿಗೆ ಹೋದೆವು. ಸರಕಾರಿ ಕಾಗದಪತ್ರಗಳಲ್ಲಿ ಮುನವಳ್ಳಿ ಎನಿಸಿಕೊಂಡಿರುವ, ಮಲಪ್ರಭೆಯ ದಂಡೆಯ ಈ ಹಳೆಯ ಪೇಟೆಯನ್ನು ಹಿರಿಯರು ಈಗಲೂ ಮನೋಳಿ ಎಂದೇ ಕರೆಯುವರು. ಅಲ್ಲಿಯ ಒಬ್ಬ ವೃದ್ಧ ಕ್ರೈಸ್ತ ತಾಯಿಯ ಪತಿ ತೀರಿಕೊಂಡು ವರುಷವಾಗಿತ್ತು. ಮನೆಯಲ್ಲಿ ಪ್ರಾರ್ಥನೆ ಮಾಡಿಸಬೇಕೆಂಬುದು ಆಕೆಯ ಆಸೆ.

ಪ್ರಾರ್ಥನೆ ಮುಗಿಯಿತು. ಸಜ್ಜಿ ರೊಟ್ಟಿ, ಪುಂಡಿ ಪಲ್ಯ ಬಡಿಸುತ್ತ ಆ ತಾಯಿ ಹಿಂದಿನ ದಿನದ ಸಂಗತಿಯನ್ನು ಹೇಳಿದಳು. ನಮ್ಮ ಪ್ರಾರ್ಥನಾ ಕೂಟದ ಮೂವರು ಮಹಿಳೆಯರು ಆಕೆಯನ್ನು ಸಂತೈಸಲು ಬಂದಿದ್ದರು. ಅವರನ್ನು ಕಳುಹಿಸಿದವರು ನಾವೇ. ಅವರು ಕುಳಿತಿದ್ದಾಗಲೇ ಪಕ್ಕದ ಮನೆಯ ಗೆಳತಿ ಗುಡ್ಡದಿಂದ ತಂದ ಕಡುಬು, ಕೊಬ್ಬರಿಯನ್ನು ತಂದುಕೊಟ್ಟು ಹೋದಳಂತೆ. ಮೂವರೂ ಒಮ್ಮೆಲೇ ಎದ್ದು, ಇದನ್ನು ಬಾಯಿಗಿಟ್ಟರೆ ಮುಂದಿನ ಭಾನುವಾರ ಪರಮಪ್ರಸಾದ ಸ್ವೀಕರಿಸಲು ನೀನು ಯೋಗ್ಯಳಲ್ಲ ಎಂದು ಬುದ್ಧಿ ಹೇಳಿದರು. ತಾಯಿ ಅದನ್ನು ಎತ್ತಿ ಬದಿಗಿಟ್ಟಳು. ಆಮೇಲೆ ಬಂದವರ ಮುಂದೆ ನೀರಿನ ತಂಬಿಗೆ ಇರಿಸಿದಳು, ಚಹಾ ಕಾಸಿದಳು. ಒಬ್ಬರಿಗೆ ಉಪವಾಸ, ಒಬ್ಬರಿಗೆ ಈಗಷ್ಟೇ ಊಟವಾಗಿತ್ತು, ಮೂರನೆಯವರಿಗೆ ಬಸ್ಸಿನ ಹೊತ್ತಾಗಿತ್ತು.

"ಗುಡ್ಡದಿಂದ ತಂದದ್ದು ಬಾಯಾಗ ಇಟ್ರ ಪಾಪ ಅಂದ್ರು. ಆತು, ತಿನ್ನಲಿಲ್ಲ. ನನ್ನ ಮನಿ ನೀರು ಯಾವ ಗುಡ್ಡದಿಂದ ತಂದದ್ದೂ ಅಲ್ಲಲ್ಲ ಸ್ವಾಮ್ಯಾರ, ಅದನ್ಯಾಕ ಅವ್ರು ಮುಟ್ಟಲಿಲ್ಲ?" ಎಂದು ಆ ತಾಯಿ ಕೇಳಿದಳು.

ಆಕೆಯ ಹಿರಿಯರು ಊರ ಹೊರಗಿನ ಕೇರಿಯವರು. ಮೂರು ತಲೆಮಾರುಗಳ ಹಿಂದೆ ದೀಕ್ಷಾಸ್ನಾನ ಪಡೆದವರು. ಉತ್ತರ ಆಕೆಗೆ ಗೊತ್ತಿತ್ತು. ನಮಗೂ ಗೊತ್ತಿದೆಯೋ ಇಲ್ಲವೋ ಎಂದು ತಿಳಿಯಲು ಕೇಳಿದಳೆಂದು ನಮ್ಮ ಭಾವನೆ.

ಆ ಮಹಿಳೆಯರ ಮೊದಲಿನ ಅಳುಕನ್ನು ನಾವು ಹಗುರವಾಗಿ ಕಾಣುವುದಿಲ್ಲ. ವಿಗ್ರಹಕ್ಕೆ ಅರ್ಪಿಸಿದ ಆಹಾರದ ಪ್ರಶ್ನೆ ಸಂತ ಪೌಲರ ಕಾಲದ ಕೊರಿಂಥ ನಗರದಲ್ಲಿಯೇ ಎದ್ದಿತ್ತು. ಪೌಲರು ಎರಡು ಮಾತು ಹೇಳಿದರು: ವಿಗ್ರಹಕ್ಕೆ ಸ್ವಂತ ಶಕ್ತಿಯಿಲ್ಲದ್ದರಿಂದ ಆಹಾರ ಆಹಾರವೇ, ಆದರೆ ದುರ್ಬಲ ಮನಸ್ಸಿನ ಸಹೋದರನು ನಿನ್ನನ್ನು ನೋಡಿ ಎಡವುವುದಾದರೆ ಅವನಿಗಾಗಿ ನೀನು ಬಿಡು. ಎರಡೂ ಮಾತುಗಳಲ್ಲಿ ಅಳತೆಗೋಲು ಎದುರಿಗಿರುವ ಮನುಷ್ಯನೇ ಹೊರತು ನಮ್ಮ ಶುದ್ಧಿಯಲ್ಲ. ಗಂಡನನ್ನು ಕಳೆದುಕೊಂಡ ಹೆಂಗಸಿನ ಮನೆಗೆ ವರುಷವಿಡೀ ಹಾಲು ತಂದುಕೊಟ್ಟ ನೆರೆಯವಳ ಕಡುಬನ್ನು ಏನು ಮಾಡಬೇಕೆಂಬುದನ್ನು ಕುಳಿತು ಯೋಚಿಸಬೇಕಾಗಿತ್ತು. ಅವರು ಎದ್ದು ನಿಂತು ತೀರ್ಪು ಕೊಟ್ಟರು. ನೀರಿನ ತಂಬಿಗೆಯ ವಿಷಯಕ್ಕಂತೂ ಯಾವ ಧರ್ಮಗ್ರಂಥದ ಆಧಾರವೂ ಇಲ್ಲ.

ಮನೋಳಿಯಿಂದ ಮರಳುವಾಗ ಬೈಲಹೊಂಗಲ ತಾಲೂಕಿನ ದೇಶನೂರು ನಮ್ಮ ನೆನಪಿಗೆ ಬಂತು. ಯೇಸುಸಭೆಯ ಗುರುಗಳು ಅಲ್ಲಿ ಹಲವು ದಶಕಗಳಿಂದ ಸೇವೆ ಸಲ್ಲಿಸುತ್ತಿರುವರು. ಸುತ್ತಲಿನ ಲಿಂಗಾಯತ ಸಮಾಜಕ್ಕೆ ಪರಿಚಿತವಾದ ರೀತಿಯಲ್ಲಿ, ಕಾವಿ ತೊಟ್ಟು, ಜನರ ನುಡಿಯಲ್ಲಿ ಭಜನೆ ಹಾಡಿ ಕ್ರಿಸ್ತರನ್ನು ಆರಾಧಿಸುವ ಪದ್ಧತಿ ಅಲ್ಲಿ ಬೆಳೆದು ಬಂದಿದೆ. 2019ರಲ್ಲಿ ಬೆಳಗಾವಿಯ ಧರ್ಮಾಧ್ಯಕ್ಷರಾಗಿ ಪೂಜ್ಯ ಡೆರೆಕ್ ಫೆರ್ನಾಂಡಿಸ್ ಅವರು ಅಲ್ಲಿಗೆ ಭೇಟಿಯಿತ್ತಾಗ ಕಾವಿ ವಸ್ತ್ರ ಧರಿಸಿ, ಹಣೆಗೆ ತಿಲಕವಿಟ್ಟುಕೊಂಡಿದ್ದ ಭಾವಚಿತ್ರಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡಿದವು. ಧರ್ಮಾಧ್ಯಕ್ಷರನ್ನು ಕಟುವಾಗಿ ನಿಂದಿಸಿದವರಲ್ಲಿ ಅನ್ಯಧರ್ಮೀಯರಿಗಿಂತ ಕ್ರೈಸ್ತರೇ ಮುಂದಿದ್ದರು. ಅವರಲ್ಲಿ ಕೈಯಲ್ಲಿ ಜಪಸರ ಹಿಡಿದ ಕಥೋಲಿಕರೂ ಇದ್ದರು. ದೇಶನೂರು ಎಲ್ಲಿದೆಯೆಂದೇ ತಿಳಿಯದವರು, ಅಲ್ಲಿಯ ಒಬ್ಬ ವಿಶ್ವಾಸಿಯ ಹೆಸರನ್ನೂ ಕೇಳದವರು, ಆ ಜನರ ಭಕ್ತಿಗೆ ಅಂಧಕಾರವೆಂದು ಹೆಸರಿಟ್ಟರು.

ಅವರಿಗೆ ಎರಡು ದಿನಾಂಕಗಳನ್ನು ನೆನಪಿಸಿದರೆ ಸಾಕು. ಇತರ ಧರ್ಮಗಳಲ್ಲಿರುವ ಸತ್ಯವಾದುದನ್ನೂ ಪವಿತ್ರವಾದುದನ್ನೂ ಧರ್ಮಸಭೆ ತಿರಸ್ಕರಿಸುವುದಿಲ್ಲವೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ ಸಾರಿದ್ದು 1965ರ ಅಕ್ಟೋಬರ್ 28ರಂದು. ನೆಲದ ಮೇಲೆ ಕುಳಿತು ಪೂಜಿಸುವುದು, ಪಂಚಾಂಗ ಪ್ರಣಾಮ, ಆರತಿ ಮುಂತಾದ ಹನ್ನೆರಡು ಅಂಶಗಳಿಗೆ ಭಾರತದ ಧರ್ಮಾಧ್ಯಕ್ಷರ ಕೋರಿಕೆಯ ಮೇರೆಗೆ ರೋಮಿನ ಅನುಮತಿ ದೊರೆತದ್ದು 1969ರ ಏಪ್ರಿಲ್‌ನಲ್ಲಿ. ಕಾವಿ ತಮಗೆ ಒಗ್ಗದೆಂದು ಹೇಳುವ ಹಕ್ಕು ಯಾರಿಗಾದರೂ ಇದೆ. ನಮಗೂ ಕೆಲವು ಪ್ರಯೋಗಗಳು ರುಚಿಸುವುದಿಲ್ಲ. ಭಾನುವಾರಕ್ಕೊಂದು ಹೊಸ ಆರತಿ ಹುಡುಕುವ ಉತ್ಸಾಹಿಗಳನ್ನು ಕಂಡಾಗ ನಮ್ಮ ಗುರುಮಠದ ಹಳೆಯ ಗುರುಗಳ ಗದರಿಕೆ ನೆನಪಾಗುವುದು. ಆದರೆ ರುಚಿ ಬೇರೆ, ಧರ್ಮಭ್ರಷ್ಟನೆಂಬ ಆರೋಪ ಬೇರೆ. 2008ರ ಸೆಪ್ಟೆಂಬರ್‌ನಲ್ಲಿ ಮಂಗಳೂರು ಮೊದಲಾದ ಕಡೆ ನಮ್ಮ ಪ್ರಾರ್ಥನಾಲಯಗಳ ಮೇಲೆ ದಾಳಿಗಳಾದಾಗ, ಬೇರೆ ರೀತಿಯಲ್ಲಿ ಪೂಜಿಸುವವರನ್ನು ಸಹಿಸಿಕೊಳ್ಳಿರೆಂದು ನಾಡಿನ ಮುಂದೆ ಬೇಡಿಕೊಂಡವರು ನಾವೇ ಅಲ್ಲವೇ?

ಶುಭಸಂದೇಶದಲ್ಲಿ ಯೇಸುಸ್ವಾಮಿ ಕಪಟಿಗಳಿಗೆ ಬಳಸಿದ ಗ್ರೀಕ್ ಪದದ ಮೂಲಾರ್ಥ ರಂಗದ ಮೇಲಿನ ನಟ ಎಂದು. ಕನ್ನಡದ 'ವೇಷಧಾರಿ' ಎಂಬ ಪದ ಅದಕ್ಕೆ ತಕ್ಕ ಜೋಡಿ. ಬೈಲಹೊಂಗಲದ ಸೀಮೆ ಸಣ್ಣಾಟದ ಸೀಮೆ. 'ಸಂಗ್ಯಾ ಬಾಳ್ಯಾ' ಹುಟ್ಟಿದ ನೆಲ. ರಾತ್ರಿಯಿಡೀ ಸಂಗ್ಯಾನಾಗಿ ಕುಣಿದವನು ಬೆಳಗಾದೊಡನೆ ಬಣ್ಣ ತೊಳೆದು ಹೊಲಕ್ಕೆ ಹೋಗುವನು. ತಾನು ಸಂಗ್ಯಾ ಅಲ್ಲವೆಂಬುದು ಅವನಿಗೂ ಗೊತ್ತು, ನೋಡಿದವರಿಗೂ ಗೊತ್ತು. ಅವನಿಂದ ಯಾರಿಗೂ ಮೋಸವಿಲ್ಲ. ಧರ್ಮದ ವೇಷಧಾರಿಯ ಕಷ್ಟ ಬೇರೆ. ಬಣ್ಣವೇ ತನ್ನ ಚರ್ಮವೆಂದು ಅವನು ನಂಬಿರುತ್ತಾನೆ. ನಮ್ಮ ಮೂವರು ಮಹಿಳೆಯರು ಸುಳ್ಳರಲ್ಲ. ತಪಸ್ಸುಕಾಲದ ನಲವತ್ತು ದಿನವೂ ಬರಿಗಾಲಲ್ಲಿ ನಡೆಯುವರು, ರೋಗಿಗಳ ಬಳಿ ರಾತ್ರಿ ಎಚ್ಚರವಿರುವರು. ತಂಬಿಗೆಯಿಂದ ಕೈ ಹಿಂತೆಗೆದದ್ದು ಅವರ ಗಮನಕ್ಕೇ ಬಂದಿರಲಿಕ್ಕಿಲ್ಲ.

ಇದು ಧರ್ಮಸಭೆಯಷ್ಟೇ ಹಳೆಯ ಕತೆ. ಅಂತಿಯೋಕ್ಯದಲ್ಲಿ ಸಂತ ಪೇತ್ರರು ಅನ್ಯಜನಾಂಗದ ವಿಶ್ವಾಸಿಗಳೊಡನೆ ಒಂದೇ ಪಂಕ್ತಿಯಲ್ಲಿ ಊಟ ಮಾಡುತ್ತಿದ್ದರು. ಜೆರುಸಲೇಮಿನ ಕಟ್ಟುನಿಟ್ಟಿನವರು ಬಂದೊಡನೆ ಮೆಲ್ಲನೆ ಪಂಕ್ತಿಯಿಂದ ಎದ್ದರು. ಪೌಲರು ಎಲ್ಲರೆದುರಿಗೇ ಅವರನ್ನು ತಡೆದು ಕೇಳಿದರು; ಗಲಾತ್ಯರಿಗೆ ಬರೆದ ಪತ್ರದಲ್ಲಿ ಆ ನಡತೆಗೆ ಕಪಟವೆಂದೇ ಹೆಸರಿಟ್ಟರು. ಪ್ರೇಷಿತರ ಪ್ರಮುಖರೇ ಎಡವಿದ ಜಾಗ ಊಟದ ಪಂಕ್ತಿ.

ನಮ್ಮ ದೇಶದಲ್ಲಿ ಈ ಕತೆ ಇನ್ನೂ ಗೋಜಲಾಯಿತು. 1606ರಲ್ಲಿ ಮಧುರೆಗೆ ಬಂದ ರೊಬೆರ್ತೊ ದೆ ನೊಬಿಲಿ ಎಂಬ ಇಟಲಿಯ ಯೇಸುಸಭೆಯ ಗುರು ಕಾವಿ ತೊಟ್ಟು, ಮಾಂಸ ಬಿಟ್ಟು, ಸಂಸ್ಕೃತ ಕಲಿತು ಸಂನ್ಯಾಸಿಯಂತೆ ಬಾಳಿದರು. ಅವರ ವಿರುದ್ಧ ಮೊದಲು ದೂರು ಹೊತ್ತವರು ಅವರ ಸಹಗುರುಗಳೇ. 1619ರಲ್ಲಿ ಗೋವೆಯಲ್ಲಿ ವಿಚಾರಣೆ ನಡೆಯಿತು. 1623ರಲ್ಲಿ ಪೋಪ್ ಹದಿನೈದನೆಯ ಗ್ರೆಗೋರಿಯವರು ಜನಿವಾರ, ಗಂಧ, ಸ್ನಾನಗಳಿಗೆ ಷರತ್ತಿನ ಅನುಮತಿಯಿತ್ತರು. ಮುಂದೆ ಅದೇ ಶತಮಾನದಲ್ಲಿ ಲಿಯೊನಾರ್ದೊ ಚಿನ್ನಾಮಿ ಅದೇ ಸಂನ್ಯಾಸಿ ವೇಷದಲ್ಲಿ ಮೈಸೂರು ಸೀಮೆಗೆ ಬಂದು, ಕನ್ನಡ ಕಲಿತು, ಕನ್ನಡದಲ್ಲಿ ಬರೆದರು. ದೇಶನೂರಿನ ಕಾವಿಗೆ ಹೀಗೆ ನಾನೂರು ವರುಷಗಳ ವಂಶಾವಳಿಯಿದೆ.

ಕತೆಯನ್ನು ಇಲ್ಲಿಗೇ ನಿಲ್ಲಿಸಿದರೆ ನಮಗೆ ಹಿತ. ಆದರೆ ನೊಬಿಲಿಯವರು ತಮ್ಮ ಮಂದಿಗಾಗಿ ಬೇರೆ ಪ್ರಾರ್ಥನಾಲಯ ಕಟ್ಟಿಸಿದರು. ಮಧುರೆಯಲ್ಲಿ ಮೊದಲೇ ಇದ್ದ ಕೆಳಜಾತಿಯ ಕ್ರೈಸ್ತರಿಂದ ದೂರವುಳಿದರು. ಮುಂದೆ ಉಳಿದ ಜಾತಿಗಳಿಗಾಗಿ ಪಂಡಾರಸ್ವಾಮಿಗಳೆಂಬ ಬೇರೆ ಗುರುಗಳ ವ್ಯವಸ್ಥೆಯಾಯಿತು. ಪೋಪರ ಪ್ರತಿನಿಧಿ ಟೂರ್ನೋನ್ ಅವರು 1704ರಲ್ಲಿ ಪಾಂಡಿಚೇರಿಯಲ್ಲಿ ಹೊರಡಿಸಿದ ಆಜ್ಞೆಯಲ್ಲಿ, ಸಾಯುತ್ತಿರುವ ಹೊಲೆಯನ ಮನೆಯೊಳಗೆ ಹೋಗಿ ಸಂಸ್ಕಾರ ನೀಡುವುದು ಗುರುವಿನ ಕರ್ತವ್ಯವೆಂದು ವಿಧಿಸಬೇಕಾಯಿತು. ಆಜ್ಞೆ ಬೇಕಾಯಿತೆಂದರೆ ಹೋಗದವರಿದ್ದರು ಎಂದೇ ಅರ್ಥವಲ್ಲವೇ? 1744ರಲ್ಲಿ ಪೋಪ್ ಹದಿನಾಲ್ಕನೆಯ ಬೆನೆಡಿಕ್ಟರು ವಾದಕ್ಕೆ ತೆರೆಯೆಳೆದರು. ಗಂಧ, ಭಸ್ಮಗಳ ಪ್ರಶ್ನೆ ಆಗ ಮುಗಿಯಿತು. ಮನೆಯೊಳಗೆ ಹೋಗುವ ಪ್ರಶ್ನೆ ಮುಗಿಯಲಿಲ್ಲ. ತಮಿಳುನಾಡಿನ ವಡಕ್ಕನ್‌ಕುಳಂನಲ್ಲಿ 1872ರಲ್ಲಿ ಎದ್ದ ದೇವಾಲಯಕ್ಕೆ ಷರಾಯಿಯ ಎರಡು ಕಾಲುಗಳಂತೆ ಎರಡು ಮೊಗಸಾಲೆಗಳು. ಒಂದು ಜಾತಿಗೆ ಒಂದು, ನಡುವೆ ಗೋಡೆ, ಮುಂದೆ ಎರಡಕ್ಕೂ ಒಂದೇ ಬಲಿಪೀಠ. ತತ್ತ್ವಶಾಸ್ತ್ರದ ತರಗತಿಯಲ್ಲಿ ಒಂದರೊಳಗೆ ಎರಡು ಹೇಗಿರಬಲ್ಲದೆಂದು ನಾವು ತಿಂಗಳುಗಟ್ಟಲೆ ಚರ್ಚಿಸಿದ್ದೆವು. ಆ ಊರಿನ ಗೌಂಡಿ ಅದನ್ನು ಇಟ್ಟಿಗೆಯಲ್ಲಿಯೇ ಸಾಧಿಸಿ ತೋರಿಸಿದ್ದ.

ಇದೆಲ್ಲ ಪಕ್ಕದ ನಾಡಿನ ಹಳೆಯ ಮಾತೆಂದು ವಾಚಕರು ಪುಟ ಮಗುಚಬಾರದು. ಪೋಪ್ ಎರಡನೆಯ ಜಾನ್ ಪೌಲರು ತಮಿಳುನಾಡಿನ ಧರ್ಮಾಧ್ಯಕ್ಷರೊಡನೆ ಮಾತಾಡುತ್ತ ಕ್ರೈಸ್ತರೊಳಗಿನ ಜಾತಿಭೇದವನ್ನು ಖಂಡಿಸಿದ್ದು 2003ರ ನವೆಂಬರ್‌ನಲ್ಲಿ. ನಮ್ಮೊಳಗೆ ಅಸ್ಪೃಶ್ಯತೆಯಿದೆಯೆಂದು ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯೇ ದಲಿತರ ಕುರಿತ ತನ್ನ ನೀತಿಪತ್ರದಲ್ಲಿ ಒಪ್ಪಿಕೊಂಡದ್ದು 2016ರ ಡಿಸೆಂಬರ್‌ನಲ್ಲಿ. 1950ರ ರಾಷ್ಟ್ರಪತಿಗಳ ಆದೇಶ ಪರಿಶಿಷ್ಟ ಜಾತಿಯ ಸ್ಥಾನವನ್ನು ಹಿಂದೂಗಳಿಗಷ್ಟೇ ಮೀಸಲಿಟ್ಟಿತು. 1956ರಲ್ಲಿ ಸಿಖ್ಖರೂ 1990ರಲ್ಲಿ ಬೌದ್ಧರೂ ಸೇರಿದರು. ದಲಿತ ಕ್ರೈಸ್ತರು ಹೊರಗುಳಿದರು. ಇದು ಅನ್ಯಾಯವೆಂದು ನಾವು ಪ್ರತಿ ವರುಷ ಕಪ್ಪುಪಟ್ಟಿ ಕಟ್ಟಿಕೊಂಡು ಪ್ರತಿಭಟಿಸುತ್ತೇವೆ, ಅದು ನ್ಯಾಯವಾದ ಬೇಡಿಕೆಯೇ ಸರಿ. ಆದರೆ ಮತಾಂತರದ ನಂತರವೂ ಜಾತಿ ಅಳಿಯಲಿಲ್ಲವೆಂದು ಸರಕಾರದ ಮುಂದೆ ವಾದಿಸುವ ನಾವೇ, ಪ್ರಬೋಧನೆಯ ಪೀಠದಲ್ಲಿ ನಿಂತು ಕ್ರಿಸ್ತರಲ್ಲಿ ಜಾತಿಯಿಲ್ಲವೆಂದು ಸಲೀಸಾಗಿ ಹೇಳಿಬಿಡುತ್ತೇವೆ. ಎರಡೂ ಮಾತು ಒಂದೇ ಬಾಯಿಯವು.

ಇಷ್ಟು ಬರೆದ ಮೇಲೆ ನಮ್ಮ ಬಗೆಗೂ ಹೇಳದಿದ್ದರೆ ಈ ಲೇಖನವೇ ಒಂದು ವೇಷವಾದೀತು. ಹಲವು ವರುಷಗಳ ಹಿಂದೆ, ನಾವು ಬೇರೊಂದು ಧರ್ಮಕೇಂದ್ರದಲ್ಲಿದ್ದಾಗ, ದಿನವೂ ಬಲಿಪೂಜೆಗೆ ಬರುತ್ತಿದ್ದ ಹಿರಿಯರೊಬ್ಬರು ಕಚೇರಿಗೆ ಬಂದು ಬಾಗಿಲು ಮುಂದೆ ಮಾಡಿ ಕುಳಿತರು. ಮಗನಿಗೆ ನಮ್ಮ ಗಾಯನ ಮಂಡಳಿಯ ಹುಡುಗಿಯೊಬ್ಬಳು ಒಪ್ಪಿಗೆಯಾಗಿದ್ದಳು. "ಹುಡುಗಿ ಗುಣವಂತಳು ಫಾದರ್, ಎರಡು ಮಾತಿಲ್ಲ. ಮೂಲ ಯಾವುದೆಂದು ನಿಮ್ಮ ದಾಖಲೆಯಲ್ಲಿ ಇರಬಹುದಲ್ಲ" ಎಂದರು. ದೀಕ್ಷಾಸ್ನಾನದ ದಾಖಲೆಯಲ್ಲಿ ಜಾತಿಯ ಅಂಕಣವಿಲ್ಲ. ಆದರೆ ಅಜ್ಜನ ಊರು, ಕೇರಿ ನಮಗೆ ಗೊತ್ತಿತ್ತು. ನಾವು ಆ ಊರಿನ ಹೆಸರನ್ನಷ್ಟೇ ಹೇಳಿದೆವು. ಸುಳ್ಳು ಹೇಳಲಿಲ್ಲ, ಜಾತಿಯ ಹೆಸರೆತ್ತಲಿಲ್ಲ ಎಂದು ಆಗ ನಮ್ಮನ್ನು ನಾವೇ ಸಮಾಧಾನಪಡಿಸಿಕೊಂಡೆವು. ಸಂಬಂಧ ಮುರಿಯಿತು. ಆ ಹುಡುಗಿ ಮುಂದಿನ ಭಾನುವಾರವೂ ಹಾಡಲು ಬಂದಳು. ಅವಳ ಮುಂದೆ ನಿಂತು ನಾವು ಪ್ರೀತಿಯ ಬಗ್ಗೆ ಪ್ರಬೋಧನೆ ಮಾಡಿದೆವು. ಪಾಪನಿವೇದನೆಯಲ್ಲಿ ಇದನ್ನು ನಾವು ಹೇಳಿಕೊಂಡಿದ್ದೇವೆ. ಅವಳಿಗೆ ಹೇಳಿಲ್ಲ.

ಮನೋಳಿಯ ಆ ತಾಯಿಗೆ ಅಂದು ನಾವು ಕೊಟ್ಟ ಉತ್ತರ ಚಿಕ್ಕದು: "ಅವರದು ತಪ್ಪಾಗಿದೆ, ಅವ್ವಾ, ನಮ್ಮದೂ ಇದೆ." ಆಕೆ ಇನ್ನೊಂದು ರೊಟ್ಟಿ ಹಾಕಿದಳು. ಬದಿಗಿಟ್ಟ ಕಡುಬು ಏನಾಯಿತೆಂದು ಕೇಳಿದೆವು. ಗೆಳತಿಗೆ ಬೇಸರವಾದೀತೆಂದು ಮರಳಿ ಕೊಡಲಿಲ್ಲ, ಚೆಲ್ಲಲು ಮನಸ್ಸು ಬರಲಿಲ್ಲ, ಎಮ್ಮೆಗೆ ಹಾಕಿದೆ ಎಂದಳು.

ಆ ಮೂವರು ಮಹಿಳೆಯರನ್ನು ಕಳೆದ ವಾರ ಕರೆದು ಮಾತಾಡಿದೆವು. ಮೊದಲು ಕೋಪ ಬಂತು, ಆಮೇಲೆ ಒಬ್ಬರ ಕಣ್ಣಲ್ಲಿ ನೀರು ಬಂತು. ತಪಸ್ಸುಕಾಲದ ಮೊದಲ ಭಾನುವಾರ ನಾವು ಮತ್ತೆ ಮನೋಳಿಗೆ ಹೋಗುವವರಿದ್ದೇವೆ. ಅಂದು ಆ ತಾಯಿಯ ಮನೆಯಲ್ಲಿಯೇ ಎಲ್ಲರ ಊಟವೆಂದು ತಿಳಿಸಿದ್ದೇವೆ. ಇಬ್ಬರು ಬರುವುದಾಗಿ ಒಪ್ಪಿರುವರು. ಮೂರನೆಯವರು ಮನೆಯಲ್ಲಿ ಕೇಳಿ ಹೇಳುವೆನೆಂದು ಹೋಗಿರುವರು. ಇನ್ನೂ ಹೇಳಿ ಕಳುಹಿಸಿಲ್ಲ.